'ವಚ್' ಧಾತು: ಸೂಕ್ತದಿಂದ ವಚನದವರೆಗೆ

'ವಚನ' ಎಂಬ ಶಬ್ದವು ಸಂಸ್ಕೃತದ 'ವಚ್' ಧಾತುವಿನಿಂದ ನಿಷ್ಪನ್ನವಾದುದು. ಪಾಣಿನೀಯ ಧಾತುಪಾಠವು ಇದನ್ನು ಅದಾದಿ ಗಣದಲ್ಲಿರಿಸಿ 'ಪರಿಭಾಷಣ', ಅಂದರೆ ನುಡಿಯುವುದು ಎಂಬ ಅರ್ಥವನ್ನು ಹೇಳಿದೆ. ಆದರೆ ಇದರ ಬೇರು ಸಂಸ್ಕೃತಕ್ಕಿಂತಲೂ ಪ್ರಾಚೀನ. ಅವೆಸ್ತಾದ 'ವಚಹ್', ಗ್ರೀಕಿನ 'ಎಪೊಸ್', ಲ್ಯಾಟಿನ್ನಿನ 'ವೋಕ್ಸ್' ಇವೆಲ್ಲವೂ ಇದರ ಜ್ಞಾತಿಶಬ್ದಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ.

ಈ ಧಾತುವು ಅನೇಕ ಕಡೆ ತನ್ನ ಮೂಲರೂಪವನ್ನು ಮರೆಸಿಕೊಂಡಿದೆ. ಸಂಪ್ರಸಾರಣವೆಂಬ ವ್ಯಾಕರಣಕಾರ್ಯದಿಂದ ಇದರ ವಕಾರವು ಉಕಾರವಾಗುತ್ತದೆ. ಉಕ್ತ, ಉಕ್ತಿ, ಗೀತಾಪಾರಾಯಣ ಮಾಡುವವರೆಲ್ಲರಿಗೂ ಪರಿಚಿತವಾದ 'ಉವಾಚ' ಇವು ಹಾಗೆ ಹುಟ್ಟಿದವು. 'ಸು' ಎಂಬುದು 'ಉಕ್ತ'ದೊಡನೆ ಸೇರಿದಾಗ 'ಸೂಕ್ತ'ವಾಯಿತು. ಚೆನ್ನಾಗಿ ನುಡಿಯಲ್ಪಟ್ಟದ್ದು ಎಂದರ್ಥ. ಕನ್ನಡದಲ್ಲಿ ಇಂದು 'ಯೋಗ್ಯ' ಎಂಬರ್ಥದಲ್ಲಿ ಬಳಕೆಯಾಗುವ ಈ ಪದವೇ ಋಗ್ವೇದದ ಸ್ತುತಿಗಳ ಹೆಸರು. ಹತ್ತನೆಯ ಮಂಡಲದ 125ನೆಯ ಸೂಕ್ತದಲ್ಲಂತೂ ವಾಗ್ದೇವಿಯೇ 'ನಾನು' ಎಂದು ಮಾತನಾಡುತ್ತಾಳೆ. 'ವಾಕ್' ಕೂಡ ಇದೇ ಧಾತುವಿನದು.

ಹೀಗೆ ವೇದದ ಸೂಕ್ತವೂ ಶರಣರ ವಚನವೂ ಒಂದೇ ಧಾತುವಿನ ಸಂತಾನ. ಆದರೆ ಸೂಕ್ತವನ್ನು ಉಚ್ಚರಿಸುವ ಅಧಿಕಾರವನ್ನು ಧರ್ಮಶಾಸ್ತ್ರಗಳು ಕೆಲವರಿಗೆ ಮಾತ್ರ ಕೊಟ್ಟವು. ವಚನವನ್ನು ನುಡಿದವರಲ್ಲಿ ಮಾದಾರ ಚೆನ್ನಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಸೂಳೆ ಸಂಕವ್ವೆ ಇದ್ದರು. ನುಡಿ ಅಚ್ಚಕನ್ನಡದ್ದು, ಹೆಸರು ಮಾತ್ರ ಸಂಸ್ಕೃತದ್ದು! ಇದನ್ನು ವಿರೋಧಾಭಾಸವೆಂದು ಭಾವಿಸಬೇಕಾಗಿಲ್ಲ. ಧಾತುವಿನಲ್ಲಿರುವುದು ನುಡಿಯುವ ಕ್ರಿಯೆ ಮಾತ್ರ. ಯಾರು ನುಡಿಯಬೇಕೆಂಬ ಕಟ್ಟಳೆ ಅದರಲ್ಲಿಲ್ಲ.

ಸಂಸ್ಕೃತದ 'ವಚನ'ಕ್ಕೆ ಮಾತು, ಉಪದೇಶ, ಆಜ್ಞೆ ಎಂಬ ಅರ್ಥಗಳಿವೆ. ವ್ಯಾಕರಣದಲ್ಲಿ ಏಕವಚನ, ಬಹುವಚನ ಎಂದು ಸಂಖ್ಯೆಯನ್ನೂ ಸೂಚಿಸುತ್ತದೆ. ಕನ್ನಡಿಗರು ವಿಶೇಷವಾಗಿ ಬೆಳೆಸಿಕೊಂಡದ್ದು ಪ್ರತಿಜ್ಞೆಯೆಂಬ ಅರ್ಥವನ್ನು. ವಚನ ಕೊಡುವುದು, ವಚನಭ್ರಷ್ಟನಾಗುವುದು ಎಂಬ ಮಾತುಗಳನ್ನು ನೋಡಬಹುದು. 'ಮಾತು ಕೊಡು', 'ಭಾಷೆ ಕೊಡು' ಎಂಬಲ್ಲಿಯೂ ಇದೇ ಭಾವವಿದೆ. ಆಡಿದ ಮಾತು ಆಡಿದವನನ್ನು ಕಟ್ಟಿಹಾಕುತ್ತದೆಂಬ ಈ ತಿಳಿವಳಿಕೆಯಿಲ್ಲದೆ ಶರಣರ ನುಡಿ-ನಡೆಗಳ ಐಕ್ಯವು ಅರ್ಥವಾಗದು.

ಈ ಧಾತುವಿಗೆ ಪ್ರೇರಣಾರ್ಥಕ ಪ್ರತ್ಯಯ ಸೇರಿದಾಗ 'ವಾಚಯತಿ' ಎಂದಾಗುತ್ತದೆ. ನುಡಿಸುತ್ತಾನೆ ಎಂಬುದು ಅದರ ಮೂಲಾರ್ಥ, ಓದುತ್ತಾನೆ ಎಂಬುದು ರೂಢಿಯ ಅರ್ಥ. ಓದುಗನು ಮೂಕವಾದ ಓಲೆಯನ್ನು ನುಡಿಸುವವನು, 'ವಾಚನ'ವೆಂದರೆ ಅದೇ. ವಚನ, ವಾಚನಗಳ ನಡುವೆ ಇರುವುದು ಒಂದು ದೀರ್ಘ ಮಾತ್ರ. ಫ. ಗು. ಹಳಕಟ್ಟಿಯವರು ತಾಡವಾಲೆಯ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದಾಗ ನಡೆದದ್ದೂ ಈ ಮೂಲಾರ್ಥದ ವಾಚನವೇ.