ಅರ್ಧ ಅಂಗುಲ ಮರಳು

ಔರಾದ ಸೀಮೆಯ ನಮ್ಮ ಮನೆಯಲ್ಲಿ ಅವ್ವ ಬಿತ್ತನೆಯ ತೊಗರಿಗೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಸಿ ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಬೀದರ ಇನ್ನೂ ಹೈದರಾಬಾದಿಗೆ ಸೇರಿದ್ದ ಕಾಲ. ಒಂದು ವರ್ಷ ಮಿರಗದ ಮಳೆ ಬಿದ್ದಾಗ ಗಡಿಗೆ ಬಿಚ್ಚಿದರೆ ಕಾಳಿಗೊಂದು ತೂತು! ಅಪ್ಪ ಭಾಲ್ಕಿಯಿಂದ ಬೀಜವನ್ನು ಸಾಲವಾಗಿ ತಂದರು. ಅದನ್ನು ತೀರಿಸಲು ಎರಡು ಸುಗ್ಗಿ ಬೇಕಾಯಿತು.

ಬಹಳ ವರ್ಷಗಳ ಮೇಲೆ ಕೆ. ಕುಂಞಿ ಕಣ್ಣನ್ ಎಂಬವರ ವಿಷಯ ಓದಿದಾಗ ನನಗೆ ಆ ಗಡಿಗೆ ನೆನಪಾಯಿತು. 1884ರಲ್ಲಿ ಹುಟ್ಟಿದ ಈ ಮಲಯಾಳಿ ವಿದ್ವಾಂಸರು ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ನರ ಕೈಕೆಳಗೆ ದುಡಿದು, ಅಲ್ಲಿ ಕೀಟಶಾಸ್ತ್ರಜ್ಞರ ಹುದ್ದೆಗೇರಿದ ಮೊದಲ ಭಾರತೀಯರಾದರು. ಅವರ ದಾರಿಯೇ ಬೇರೆ. ವಿಷ ಸಿಂಪಡಿಸಿ ಕೊಲ್ಲುವ ಮೊದಲು ಹುಳುವಿನ ಬದುಕನ್ನು ಅರಿಯಬೇಕೆಂಬುದು ಅವರ ರೀತಿ. ಕಾಳಿನ ಹುಳುವಿನ ಮರಿ ಬೀಜವನ್ನು ಕೊರೆಯುವ ಬಗೆಯನ್ನೇ ಕುರಿತು 1923ರಲ್ಲಿ ಒಂದು ಪ್ರಬಂಧ ಬರೆದರು. ಧಾನ್ಯದ ಮೇಲೆ ಅರ್ಧ ಅಂಗುಲ ಮರಳು ಹರವಿದರೆ ಸಾಕು, ಹುಳುವಿನ ಸಂತಾನ ಬೆಳೆಯದೆಂದು ತೋರಿಸಿದರು.

ಪಾಪಾಸುಕಳ್ಳಿಯ ಮೇಲೆ ಅವರು ಹುಳುವನ್ನೇ ಛೂ ಬಿಟ್ಟರು. 1795ರಲ್ಲಿ ಕೆಂಪು ಬಣ್ಣದ ಆಸೆಗೆ ಕಂಪನಿಯವರು ತರಿಸಿದ ಕೊಚಿನೀಲ್ ಕೀಟ ಬೇರೆ ಜಾತಿಯದಾಗಿ, ಬಣ್ಣದ ಲಾಭ ಕೈಗೆಟುಕಲಿಲ್ಲ. ಆದರೆ ಅದು ಒಂದು ಬಗೆಯ ಕಳ್ಳಿಯನ್ನು ತಿಂದು ಹಾಕಿತು. 1926ರಲ್ಲಿ ಸಿಂಹಳದಿಂದ ಬಂದ ಇನ್ನೊಂದು ಜಾತಿ ದಕ್ಷಿಣದ ಹೊಲಗಳನ್ನು ನುಂಗಿದ್ದ ಕಳ್ಳಿಯನ್ನು ಅಡಗಿಸಿತು. ಪರದೇಶದ ಹುಳುವನ್ನು ಬೇಕೆಂದೇ ಬಿಡುವುದೆಂದರೆ ಅಳುಕಬೇಕಾದ ಮಾತೇ. ನಾಳೆ ಅದು ಬೆಳೆಗೆ ಬಾಯಿ ಹಾಕಿದರೆ? ಕಳ್ಳಿಯನ್ನಲ್ಲದೆ ಬೇರೇನನ್ನೂ ಅದು ಮುಟ್ಟದೆಂಬ ತಿಳಿವಳಿಕೆಯೇ ಇಲ್ಲಿ ಆಧಾರ.

ಕಣ್ಣನ್ನರ ಜಿಜ್ಞಾಸೆ ಹುಳುಗಳಲ್ಲಿಯೇ ನಿಲ್ಲಲಿಲ್ಲ. ಪಾಶ್ಚಾತ್ಯ ನಾಗರಿಕತೆಯನ್ನು ಕುರಿತು 1927ರಲ್ಲಿ ‘ದಿ ವೆಸ್ಟ್’ ಬರೆದರು. 1931ರಲ್ಲಿ ತೀರಿಕೊಂಡ ಮೇಲೆ ಅವರ ಇನ್ನೊಂದು ಪುಸ್ತಕ, ‘ಎ ಸಿವಿಲೈಸೇಷನ್ ಅಟ್ ಬೇ’, ಹೊರಬಂದಿತು.

ಅವರ ಮರಳಿನ ಉಪಾಯ ನಮ್ಮ ಹಳ್ಳಿಗೇಕೆ ಬರಲಿಲ್ಲ? ಬೀದರ 1948ರವರೆಗೆ ನಿಜಾಮರದು. ಮೈಸೂರಿಗೆ ಸೇರಿದ್ದು 1956ರಲ್ಲಿ. ಬೆಂಗಳೂರಿನ ಇಂಗ್ಲಿಷ್ ಪ್ರಬಂಧ ಗಡಿ ದಾಟಿ ಅವ್ವನ ಅಡಿಗೆಮನೆ ಸೇರುವುದಾದರೂ ಹೇಗೆ? ಗಡಿ ಅಳಿದ ಮೇಲೂ ಮರಳಿನ ಮಾತು ನಮಗೆ ಕೇಳಿಸಲಿಲ್ಲ. ಔಷಧಿಯ ಡಬ್ಬಿಗಾದರೆ ಅಂಗಡಿಯುಂಟು, ಸಾರುವವರುಂಟು. ಬೆಲೆಯಿಲ್ಲದ ವಸ್ತುವನ್ನು ಹೊಗಳಿ ಯಾರಿಗೇನು ಲಾಭ?

ಮಾಂಜ್ರಾ ನದಿ ಭಾಲ್ಕಿ, ಔರಾದಗಳ ನೆಲದಲ್ಲಿಯೇ ಹರಿಯುತ್ತದೆ. ಅಪ್ಪ ಸಾಲದ ಬೀಜ ಹೊತ್ತು ತಂದ ದಾರಿಯಲ್ಲಿಯೇ, ಅದರ ದಂಡೆಯ ಮೇಲೆ, ಬೇಕಾದಷ್ಟು ಮರಳಿತ್ತು.