ತುಳಿದ ಪಾದ, ಅಳಿಯದ ನಂಬಿಕೆ

ಜಪಾನಿನ ನಾಗಸಾಕಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಹೊಸ ವರ್ಷದ ಮೊದಲ ತಿಂಗಳು ಬಂತೆಂದರೆ ಅನೇಕ ರೈತ ಕುಟುಂಬಗಳ ಎದೆ ನಡುಗುತ್ತಿತ್ತು. ಊರಿನ ಪಟೇಲನ ಮನೆಯಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ನೆಲದ ಮೇಲೆ ಏಸುವಿನ ಅಥವಾ ಮಾತೆ ಮರಿಯಳ ರೂಪವಿರುವ ಒಂದು ಫಲಕ. ಅದನ್ನು ತುಳಿದರೆ ಪಾರು. ಹಿಂಜರಿದರೆ ಸೆರೆ, ಚಿತ್ರಹಿಂಸೆ, ಕೆಲವೊಮ್ಮೆ ಮರಣ. 'ಫುಮಿ-ಎ' ಎಂಬ ಈ ಪರೀಕ್ಷೆ ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಆರಂಭವಾಗಿ ಎರಡು ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಹಾಗಾದರೆ ಕಾಲಿಟ್ಟವರೆಲ್ಲರೂ ನಂಬಿಕೆಯನ್ನು ಬಿಟ್ಟವರೇ? ಜಪಾನಿನ ಗುಪ್ತ ಕ್ರೈಸ್ತರ ಕಥೆ ಈ ಪ್ರಶ್ನೆಗೆ ಅಷ್ಟು ಸುಲಭವಾಗಿ ಉತ್ತರ ಕೊಡುವುದಿಲ್ಲ.

ಗೋವೆಯಿಂದ ಹೊರಟ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿನ ಕಾಗೊಶಿಮಾದಲ್ಲಿ ಇಳಿದಾಗ ಆ ದೇಶಕ್ಕೆ ಕ್ರೈಸ್ತ ಧರ್ಮದ ಪರಿಚಯವಾಯಿತು. ಮುಂದಿನ ಆರು ದಶಕಗಳಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು ಮೂರು ಲಕ್ಷಕ್ಕೆ ಏರಿತೆಂದು ಅಂದಾಜು. ಆದರೆ ಪಾದ್ರಿಗಳ ಹಿಂದೆಯೇ ಪೋರ್ಚುಗಲ್, ಸ್ಪೇನ್‌ಗಳ ಸೈನ್ಯವೂ ಬಂದೀತೆಂಬ ಶಂಕೆ ಜಪಾನಿನ ಆಳರಸರನ್ನು ಕಾಡತೊಡಗಿತು. ಹೀಗೆ ಭಯವೆಂಬುದು ಎರಡೂ ಕಡೆ ಇತ್ತು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಇಪ್ಪತ್ತು ಮಂದಿ ಜಪಾನೀಯರು. ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಕೂಡ ಅವರಲ್ಲೊಬ್ಬ.

1614ರಲ್ಲಿ ತೊಕುಗಾವಾ ಆಡಳಿತ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ಪಾದ್ರಿಗಳನ್ನು ಹೊರಗಟ್ಟಲಾಯಿತು, ಅಡಗಿ ಉಳಿದವರನ್ನು ಹುಡುಕಿ ಕೊಲ್ಲಲಾಯಿತು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ಪ್ರತಿ ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕಾಯಿತು. ಐದೈದು ಮನೆಗಳ ಗುಂಪು ಮಾಡಿ, ಒಂದು ಮನೆಯ ತಪ್ಪಿಗೆ ಉಳಿದ ನಾಲ್ಕನ್ನೂ ಹೊಣೆಯಾಗಿಸುವ ಕ್ರಮವೂ ಇತ್ತು. ತನ್ನ ನಂಬಿಕೆಗಾಗಿ ತಾನು ಸಾಯಲು ಸಿದ್ಧನಾದವನೂ, ಹೆಂಡತಿ ಮಕ್ಕಳ ಮತ್ತು ನೆರೆಯವರ ಮುಖ ನೋಡಿ ತಡೆಯುವಂತೆ ಮಾಡಿದ ವ್ಯವಸ್ಥೆ ಇದು.

ಆದ್ದರಿಂದ ಅನೇಕರು ಫಲಕವನ್ನು ತುಳಿದರು. ಆಮೇಲೆ ಮನೆಗೆ ಬಂದು, ಬಾಗಿಲು ಮುಚ್ಚಿ, ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡರು. ಪಾಪನಿವೇದನೆ ಕೇಳಲು ಪಾದ್ರಿಗಳಿಲ್ಲದ ಕಾಲದಲ್ಲಿ ಈ ಪ್ರಾರ್ಥನೆಯೇ ಅವರ ಪಾಲಿಗೆ ಆಧಾರ. ಕರುಣೆಯ ಮೂರ್ತಿಯಾದ ಕನ್ನೋನ್, ಅಂದರೆ ನಾವು ಅವಲೋಕಿತೇಶ್ವರ ಎಂದು ಬಲ್ಲ ಬೋಧಿಸತ್ವ, ಅವರ ಮನೆಗಳಲ್ಲಿ ಮಾತೆ ಮರಿಯಳಾದಳು. ಹಬ್ಬದ ದಿನಗಳ ಲೆಕ್ಕ ಇಡಲು ಒಬ್ಬ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲು ಒಬ್ಬ, ಸುದ್ದಿ ಮುಟ್ಟಿಸಲು ಒಬ್ಬ ಎಂದು ಊರವರೇ ಕೆಲಸ ಹಂಚಿಕೊಂಡರು. 'ಒರಾಶೊ' ಎಂಬ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸಾಗಿ, ಲ್ಯಾಟಿನ್ ಪದಗಳು ಅರ್ಥ ಮರೆತುಹೋಗಿ ಬರಿಯ ನಾದವಾಗಿ ಉಳಿದವು. ಆದರೂ ಉಳಿದವು.

1865ರ ಮಾರ್ಚ್ 17ರಂದು, ವಿದೇಶೀಯರಿಗಾಗಿ ನಾಗಸಾಕಿಯ ಔರಾದಲ್ಲಿ ಕಟ್ಟಿದ್ದ ಹೊಸ ಚರ್ಚಿಗೆ ಉರಾಕಾಮಿ ಹಳ್ಳಿಯ ಕೆಲವರು ಬಂದರು. ಅವರಲ್ಲಿ ಒಬ್ಬ ಹೆಂಗಸು ಫ್ರೆಂಚ್ ಪಾದ್ರಿ ಬರ್ನಾರ್ಡ್ ಪೆಟಿಜಾನರ ಬಳಿ ಸಾರಿ, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುಗುಟ್ಟಿದಳು; ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ನಿಷೇಧ ಇನ್ನೂ ಜಾರಿಯಲ್ಲಿತ್ತು. ಆ ಪಿಸುಮಾತಿನ ಬೆಲೆ ಏನೆಂದು ಆಕೆಗೆ ತಿಳಿಯದೇ ಇರಲಿಲ್ಲ.

ಎರಡು ವರ್ಷಗಳ ಬಳಿಕ ಉರಾಕಾಮಿಯ ಜನ ತಮ್ಮವರ ಶವಸಂಸ್ಕಾರವನ್ನು ಬೌದ್ಧ ದೇವಾಲಯದ ಮೂಲಕ ಮಾಡಿಸಲು ಒಪ್ಪಲಿಲ್ಲ. ಅಲ್ಲಿಗೆ ಗುಟ್ಟು ಬಯಲಾಯಿತು. 1867ರ ಜುಲೈಯಲ್ಲಿ 68 ಮಂದಿಯನ್ನು ಹಿಡಿದೊಯ್ದರು. ಹಿಂಸೆ ತಾಳಲಾರದೆ ಬಹುತೇಕ ಎಲ್ಲರೂ ಮಣಿದರು. ತಕಾಗಿ ಸೆನ್‌ಎಮೊನ್ ಎಂಬ ರೈತ ಮಾತ್ರ ಕೊನೆಯವರೆಗೂ ಮಣಿಯಲಿಲ್ಲ. ಆದರೆ ಮಣಿದವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಊರಿಗೆ ಮರಳಿದ ಮೇಲೆ ಅವರಲ್ಲಿ ಅನೇಕರು ತಾವಾಗಿಯೇ ಹೋಗಿ, ಕೊಟ್ಟ ಮಾತನ್ನು ಹಿಂತೆಗೆದುಕೊಂಡರು. ಸೆರೆಮನೆಯ ಒಳಗೇನಿದೆ ಎಂಬುದನ್ನು ಕಂಡು ಬಂದವರು ಮಾಡಿದ ಆಯ್ಕೆ ಅದು.

1868ರಲ್ಲಿ ಬಂದ ಮೇಜಿ ಸರ್ಕಾರವೂ ನಿಷೇಧವನ್ನು ಮುಂದುವರಿಸಿತು. ಉರಾಕಾಮಿಯ ಸುಮಾರು 3,400 ಮಂದಿಯನ್ನು ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಲಾಯಿತು. ಹಸಿವು, ಚಳಿ, ರೋಗ, ಹಿಂಸೆಗಳಿಂದ 600ಕ್ಕೂ ಹೆಚ್ಚು ಮಂದಿ ಸತ್ತರು. ಪಾಶ್ಚಾತ್ಯ ದೇಶಗಳ ಟೀಕೆ ಹೆಚ್ಚಾದಾಗ, 1873ರಲ್ಲಿ ನಿಷೇಧದ ಫಲಕಗಳನ್ನು ಇಳಿಸಲಾಯಿತು. ಬದುಕಿದವರು ಹಾಳುಬಿದ್ದ ಮನೆಗಳಿಗೆ ಮರಳಿದರು. ಬೇರೆ ಊರುಗಳ ಗುಪ್ತ ಕ್ರೈಸ್ತರೆಲ್ಲರೂ ಕೆಥೋಲಿಕ್ ಸಭೆಗೆ ಸೇರಲಿಲ್ಲ. ಕೆಲವರು ಅಜ್ಜ-ಮುತ್ತಜ್ಜರು ಕಲಿಸಿದ ಗುಪ್ತ ವಿಧಿಗಳನ್ನೇ ತಮ್ಮ ಧರ್ಮವೆಂದು ಹಿಡಿದುಕೊಂಡರು.

ಭಯವೇ ಇಲ್ಲದವರನ್ನು ವೀರರೆಂದು ಹೊಗಳುವುದು ನಮ್ಮ ವಾಡಿಕೆ. ಉರಾಕಾಮಿಯ ಜನ ಅಂಥವರಲ್ಲ. ಅವರು ಹೆದರಿದರು, ತುಳಿದರು, ಅತ್ತರು, ಮತ್ತೆ ಎದ್ದರು. ಏಳು ತಲೆಮಾರುಗಳ ಕಾಲ ಭಯ ಅವರ ಕಾಲನ್ನು ಆಳಿತೇ ಹೊರತು ಮನಸ್ಸನ್ನು ಆಳಲಿಲ್ಲ.

ಮರಳಿ ಬಂದವರು ಕೆಲವು ವರ್ಷಗಳ ನಂತರ ಹಣ ಕೂಡಿಸಿ ಒಂದು ಜಾಗ ಕೊಂಡರು. 1895ರಲ್ಲಿ ಅಲ್ಲಿ ಆರಂಭವಾದ ದೊಡ್ಡ ಚರ್ಚಿನ ಕೆಲಸ 1914ರಲ್ಲಿ ಮುಗಿಯಿತು. 1945ರ ಆಗಸ್ಟ್ 9ರ ಅಣುಬಾಂಬಿಗೆ ಅದು ನೆಲಸಮವಾಯಿತು. 1959ರಲ್ಲಿ ಅದೇ ಜಾಗದಲ್ಲಿ ಮತ್ತೆ ಎದ್ದು ನಿಂತಿತು. ಅವರು ಕೊಂಡ ಆ ಜಾಗ ಬೇರಾವುದೂ ಅಲ್ಲ, ಹಿಂದಿನ ಪಟೇಲನ ಮನೆಯ ನಿವೇಶನ. ವರ್ಷವರ್ಷವೂ ಅವರ ಹಿರಿಯರು ನಡುಗುವ ಕಾಲಿನಿಂದ ಫಲಕವನ್ನು ತುಳಿದದ್ದು ಅಲ್ಲಿಯೇ.