ಸಿ ಭಾಷೆಯಲ್ಲಿ ಸ್ಟ್ರಕ್ಚರ್ ಮತ್ತು ಪಾಯಿಂಟರ್: ಒಂದು ಪರಿಚಯ

ಸಿ ಪ್ರೋಗ್ರಾಮಿಂಗ್ ಕಲಿಯುವವರನ್ನು ಬಹುವಾಗಿ ಕಾಡುವ ಅಧ್ಯಾಯಗಳೆಂದರೆ ಸ್ಟ್ರಕ್ಚರ್ ಮತ್ತು ಪಾಯಿಂಟರ್. ಇವೆರಡನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡದೆ ಒಟ್ಟಿಗೆ ಅರಿತರೆ ಆ ಭಾಷೆಯ ಶಕ್ತಿ ಹಾಗೂ ಅಪಾಯ ಎರಡೂ ಸ್ಪಷ್ಟವಾಗುತ್ತವೆ.

ಹಿನ್ನೆಲೆ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಅವರು 1970ರ ದಶಕದ ಆರಂಭದಲ್ಲಿ ಸಿ ಭಾಷೆಯನ್ನು ರೂಪಿಸಿದರು. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಈ ಭಾಷೆಯಲ್ಲಿ ಬರೆಯಲು ಕೆನ್ ಥಾಂಪ್ಸನ್ 1972ರಲ್ಲಿ ಯತ್ನಿಸಿ ಕೈಬಿಟ್ಟರು. ಆಗ ಸಿಯಲ್ಲಿ ಸ್ಟ್ರಕ್ಚರ್ ಇರಲಿಲ್ಲ. ಅದು ಸೇರ್ಪಡೆಯಾದ ಬಳಿಕ, 1973ರಲ್ಲಿ, ಆ ಕಾರ್ಯ ಕೈಗೂಡಿತು.

ಸ್ಟ್ರಕ್ಚರ್ ಎಂದರೇನು?

ಪರಸ್ಪರ ಸಂಬಂಧವುಳ್ಳ ವಿಭಿನ್ನ ಬಗೆಯ ಮಾಹಿತಿಯನ್ನು ಒಂದೇ ಹೆಸರಿನಡಿ ಕಟ್ಟಿಡುವ ವ್ಯವಸ್ಥೆಯೇ ಸ್ಟ್ರಕ್ಚರ್. ಉದಾಹರಣೆಗೆ, ವಿದ್ಯಾರ್ಥಿಯೊಬ್ಬನ ಹೆಸರಿಗೆ 50 ಬೈಟ್, ನೋಂದಣಿ ಸಂಖ್ಯೆಗೆ 4, ಸರಾಸರಿ ಅಂಕಕ್ಕೆ 4 ಬೈಟ್ ಬೇಕೆನ್ನೋಣ. ಲೆಕ್ಕಕ್ಕೆ 58 ಆದರೂ ಇಂದಿನ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಅದು 60 ಬೈಟ್ ಪಡೆಯುತ್ತದೆ. ಸಂಖ್ಯೆಗಳು ನಾಲ್ಕರ ಗುಣಕವಾದ ವಿಳಾಸದಲ್ಲಿರಲೆಂದು ಕಂಪೈಲರ್ ನಡುವೆ 2 ಬೈಟ್ ಖಾಲಿ ಬಿಡುವುದೇ ಇದಕ್ಕೆ ಕಾರಣ. ಆದ್ದರಿಂದ ಗಾತ್ರವನ್ನು ಊಹಿಸದೆ ಸೈಜ್‌ಆಫ್ ಮೂಲಕವೇ ಪಡೆಯಬೇಕು.

ಪಾಯಿಂಟರ್‌ನ ಪಾತ್ರ

ಪಾಯಿಂಟರ್ ಎಂಬುದು ಮೆಮೊರಿಯಲ್ಲಿನ ವಿಳಾಸವನ್ನು ಹಿಡಿದಿಡುವ ಚರ. ಸ್ಟ್ರಕ್ಚರನ್ನು ನೇರವಾಗಿ ಫಂಕ್ಷನ್‌ಗೆ ಕಳುಹಿಸಿದಾಗ 60 ಬೈಟ್‌ಗಳ ನಕಲು ಹೋಗುತ್ತದೆ. ಅಲ್ಲಿ ಮಾಡಿದ ತಿದ್ದುಪಡಿ ಮೂಲವನ್ನು ತಲುಪುವುದಿಲ್ಲ. ಪಾಯಿಂಟರ್ ಕಳುಹಿಸಿದರೆ 64 ಬಿಟ್ ಯಂತ್ರದಲ್ಲಿ 8 ಬೈಟ್ ಸಾಕು, ಮೂಲವೂ ಬದಲಾಗುತ್ತದೆ.

ಸ್ಟ್ರಕ್ಚರ್‌ನ ಸದಸ್ಯಾಂಶವನ್ನು ಚುಕ್ಕಿ ಚಿಹ್ನೆಯಿಂದ ತಲುಪಬಹುದು. ‘ಪಿ’ ಪಾಯಿಂಟರ್ ಆಗಿದ್ದರೆ (*ಪಿ).ಅಂಕ ಎಂದು ಬರೆಯಬೇಕು. ಚುಕ್ಕಿಗೆ ನಕ್ಷತ್ರ ಚಿಹ್ನೆಗಿಂತ ಆದ್ಯತೆ ಹೆಚ್ಚಾದ್ದರಿಂದ ಇಲ್ಲಿ ಆವರಣ ಕಡ್ಡಾಯ. ಇದರ ಸುಲಭ ರೂಪವೇ ಪಿ->ಅಂಕ.

ಕೊಂಡಿ ಪಟ್ಟಿ

ಸ್ಟ್ರಕ್ಚರ್ ತನ್ನದೇ ಬಗೆಯ ಮತ್ತೊಂದು ಸ್ಟ್ರಕ್ಚರಿನ ವಿಳಾಸವನ್ನು ಸದಸ್ಯಾಂಶವಾಗಿ ಹೊಂದಬಹುದು. ಹೀಗೆ ರೈಲು ಬೋಗಿಗಳಂತೆ ಬೆಸೆದುಕೊಂಡದ್ದೇ ಲಿಂಕ್ಡ್ ಲಿಸ್ಟ್. ಕೊನೆಯ ಕೊಂಡಿಯಲ್ಲಿ ನಲ್ ಮೌಲ್ಯವಿರುತ್ತದೆ. ನಡುವೆ ಹೊಸ ದಾಖಲೆ ಸೇರಿಸಲು ಉಳಿದವನ್ನು ಸರಿಸಬೇಕಿಲ್ಲ. ಒಂದೆರಡು ವಿಳಾಸ ಬದಲಿಸಿದರಾಯಿತು.

ಎಚ್ಚರಿಕೆ ಅಗತ್ಯ

ಮ್ಯಾಲಕ್ ಮೂಲಕ ಪಡೆದ ಜಾಗವನ್ನು ಫ್ರೀ ಮೂಲಕ ಹಿಂದಿರುಗಿಸಿದ ಮೇಲೂ ಪಾಯಿಂಟರ್‌ನಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ಮನೆ ಖಾಲಿ ಮಾಡಿದವರ ವಿಳಾಸಕ್ಕೆ ಪತ್ರ ಬರೆದರೆ ಅದು ಅನ್ಯರ ಕೈಸೇರುವಂತೆ, ಇಲ್ಲಿಯೂ ಬೇರೆಯದೇ ಮಾಹಿತಿ ಕೆಡಬಹುದು. ಇದು ತರಗತಿಯ ಸಮಸ್ಯೆ ಮಾತ್ರವಲ್ಲ. ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳ ಪೈಕಿ ಸುಮಾರು ಶೇ 70ರಷ್ಟು ಮೆಮೊರಿ ಬಳಕೆಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ತಿಳಿಸಿತ್ತು.

ಮ್ಯಾಲಕ್ ನಲ್ ಹಿಂದಿರುಗಿಸಿದೆಯೇ ಎಂದು ಪರೀಕ್ಷಿಸುವುದು, ಫ್ರೀ ಮಾಡಿದೊಡನೆ ಪಾಯಿಂಟರ್‌ಗೆ ನಲ್ ನೀಡುವುದು, ಪಟ್ಟಿಯ ಕೊಂಡಿಯನ್ನು ಅಳಿಸುವ ಮುನ್ನ ಮುಂದಿನದರ ವಿಳಾಸ ಉಳಿಸಿಕೊಳ್ಳುವುದು - ಈ ಮೂರು ಅಭ್ಯಾಸಗಳನ್ನು ಕಲಿಕೆಯ ಹಂತದಲ್ಲೇ ರೂಢಿಸಿಕೊಳ್ಳುವುದು ಒಳಿತು.